ಹತ್ತು ಅಕ್ಷರಕ್ಕೆ ಇಳಿದ ವಿಮೆ: ಅಮೆರಿಕದ ಹಿರಿಯರ ‘ಮೆಡಿಗ್ಯಾಪ್’ ಕಥೆ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ನಮ್ಮ ಊರುಗಳಲ್ಲಿ ಈಗ ಅಪರೂಪವಲ್ಲ. ಕೆಲವು ಮನೆಗಳಲ್ಲಿ ವಯಸ್ಸಾದ ಅಪ್ಪ-ಅಮ್ಮನೂ ಮಕ್ಕಳ ಜೊತೆ ಅಲ್ಲಿಗೇ ಹೋಗಿದ್ದಾರೆ. ಅಂಥವರ ಮಾತಿನಲ್ಲಿ ‘ಮೆಡಿಕೇರ್’ ಅನ್ನುವ ಪದ ಬರುತ್ತದೆ. 65 ದಾಟಿದರೆ ಅಲ್ಲಿ ಸರ್ಕಾರವೇ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ ಅಂತ ಇಲ್ಲಿ ಹಲವರ ನಂಬಿಕೆ.

ಅದು ಪೂರ್ತಿ ನಿಜವಲ್ಲ. ಮೆಡಿಕೇರ್ ದೊಡ್ಡ ಪಾಲು ಕೊಡುತ್ತದೆ, ಒಂದು ಪಾಲು ಬಿಡುತ್ತದೆ. ಬಿಟ್ಟ ಪಾಲನ್ನು ತುಂಬಲು ಖಾಸಗಿ ಕಂಪನಿಗಳು ಮಾರುವ ಪಾಲಿಸಿಯ ಹೆಸರು ‘ಮೆಡಿಗ್ಯಾಪ್’. ಅಂದರೆ ಮೆಡಿಕೇರ್‌ನ ಸಂದು ಮುಚ್ಚುವ ವಿಮೆ.

ಈ ಪಾಲಿಸಿಯನ್ನು ಸರಿಯಾಗಿ ಆರಿಸಿಕೊಳ್ಳಲು ಅಲ್ಲಿನ ಹಿರಿಯರು 25 ವರ್ಷ ಒದ್ದಾಡಿದರು. ಎಲ್ಲ ಕಂಪನಿಗಳೂ ಒಂದೇ ಥರದ ಪಾಲಿಸಿ ಮಾರಬೇಕು ಅಂತ ಕಾನೂನು ಬಂದ ಮೇಲೇ ಅವರಿಗೆ ನಿಜವಾದ ಆಯ್ಕೆ ಸಿಕ್ಕಿತು. ಆ ಕಥೆಯನ್ನು ನಾವಿಲ್ಲಿ ಹೇಳುತ್ತೇವೆ. ಏಜೆಂಟ್ ಮನೆಗೆ ಬಂದು ಪಾಲಿಸಿ ಫಾರಂ ಮುಂದಿಡುವ ಯಾವ ಊರಿನವರಿಗೂ ಇದರಿಂದ ಉಪಯೋಗವಿದೆ.

1965: ಕಾರ್ಡ್ ಬಂತು, ಸಂದೂ ಬಂತು

1965ರ ಜುಲೈ 30. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿದರು. ಅದು ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಊರು. ಎಲ್ಲರಿಗೂ ಆರೋಗ್ಯ ವಿಮೆ ತರಬೇಕೆಂದು ಟ್ರೂಮನ್ 1945ರಲ್ಲೇ ಹೊರಟು ಸೋತಿದ್ದರು. ಅದಕ್ಕೇ ಮೊದಲ ಮೆಡಿಕೇರ್ ಕಾರ್ಡನ್ನು ಅವರಿಗೂ ಅವರ ಪತ್ನಿ ಬೆಸ್ ಅವರಿಗೂ ಕೊಟ್ಟರು.

1966ರ ಜುಲೈ 1ರಿಂದ ಯೋಜನೆ ಶುರುವಾಯಿತು. ಮೊದಲ ವರ್ಷವೇ ಸುಮಾರು 1.9 ಕೋಟಿ ಹಿರಿಯರು ಅದರೊಳಗೆ ಬಂದರು. ಅದಕ್ಕೂ ಮೊದಲು ಅಲ್ಲಿನ ಹಿರಿಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆಸ್ಪತ್ರೆ ವಿಮೆಯೇ ಇರಲಿಲ್ಲ. ಹಾಗಾಗಿ ಇದು ದೊಡ್ಡ ಹೆಜ್ಜೆ ಅನ್ನುವುದರಲ್ಲಿ ಅನುಮಾನವಿಲ್ಲ.

ಯೋಜನೆಗೆ ಎರಡು ಭಾಗ. ‘ಎ’ ಭಾಗ ಆಸ್ಪತ್ರೆಗೆ. ‘ಬಿ’ ಭಾಗ ಡಾಕ್ಟರ ಫೀಸಿಗೆ. ‘ಬಿ’ ಭಾಗಕ್ಕೆ ತಿಂಗಳಿಗೆ 3 ಡಾಲರ್ ಕಂತು ಕಟ್ಟಬೇಕಿತ್ತು.

ಈಗ ಸಂದುಗಳನ್ನು ನೋಡಿ. ಆಸ್ಪತ್ರೆ ಸೇರಿದರೆ ಮೊದಲ 40 ಡಾಲರ್ ರೋಗಿಯದೇ. 60 ದಿನ ದಾಟಿದರೆ ದಿನಕ್ಕೆ 10 ಡಾಲರ್ ರೋಗಿಯದು. 90 ದಿನ ದಾಟಿದರೆ ಪೂರ್ತಿ ಖರ್ಚು ರೋಗಿಯದು. ಡಾಕ್ಟರ ಬಿಲ್ಲಿನಲ್ಲಿ ವರ್ಷಕ್ಕೆ ಮೊದಲ 50 ಡಾಲರ್ ರೋಗಿಯದು, ಆಮೇಲೆ ಉಳಿದದ್ದರಲ್ಲಿ ಶೇ. 20 ರೋಗಿಯದು. ಮನೆಗೆ ತಂದುಕೊಳ್ಳುವ ಮಾತ್ರೆ, ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ ಯಾವುದಕ್ಕೂ ದುಡ್ಡಿಲ್ಲ.

ಇದರಲ್ಲಿ ಭಯ ಹುಟ್ಟಿಸುವುದು ಆ ಶೇ. 20. ಅದಕ್ಕೆ ಮೇಲ್ಮಿತಿ ಇರಲಿಲ್ಲ. ಇವತ್ತಿಗೂ ಇಲ್ಲ. ಬಿಲ್ಲು 1,000 ಡಾಲರ್ ಆದರೆ 200 ಕಟ್ಟಿ ಮುಗಿಸಬಹುದು. ಬಿಲ್ಲು 1,00,000 ಆದರೆ 20,000 ಕಟ್ಟಬೇಕು. ಕೂತು ತಿನ್ನುವ ವಯಸ್ಸಿನಲ್ಲಿ ಅಷ್ಟು ಹಣ ಎಲ್ಲಿಂದ ತರುವುದು?

ರೋಗಿಯೂ ಒಂದಿಷ್ಟು ಕಟ್ಟಬೇಕು ಅನ್ನುವ ಪದ್ಧತಿ ಆ ಕಾಲದ ಖಾಸಗಿ ವಿಮೆಗಳಲ್ಲಿ ಮೊದಲೇ ಇತ್ತು. ಸರ್ಕಾರದ ಖರ್ಚು ಹಿಡಿತದಲ್ಲಿರಲಿ ಅಂತ ಕಾಯ್ದೆಯಲ್ಲೂ ಅದನ್ನೇ ಇಟ್ಟರು.

ಭಯವೇ ಬಂಡವಾಳ

ಸಂದು ಇರುವಲ್ಲಿ ವ್ಯಾಪಾರ ಬರುತ್ತದೆ. ಖಾಸಗಿ ಕಂಪನಿಗಳು ಸಂದು ಮುಚ್ಚುವ ಪಾಲಿಸಿ ಮಾರತೊಡಗಿದವು. ಅದರಲ್ಲಿ ತಪ್ಪೇನಿಲ್ಲ. ಜನರಿಗೆ ಅದು ಬೇಕಾಗಿತ್ತು. ತೊಂದರೆ ಇದ್ದದ್ದು ಮಾರುವ ರೀತಿಯಲ್ಲಿ.

ಪ್ರತಿ ಕಂಪನಿಯ ಪಾಲಿಸಿಯೂ ಬೇರೆ ಬೇರೆ. ಒಂದು ಆಸ್ಪತ್ರೆಯ ಮೊದಲ ಕಂತು ಕೊಡುತ್ತದೆ, ಶೇ. 20 ಕೊಡುವುದಿಲ್ಲ. ಇನ್ನೊಂದು ಶೇ. 20 ಕೊಡುತ್ತದೆ, ಆದರೆ ಮೊದಲೇ ಇದ್ದ ಕಾಯಿಲೆಗೆ ಕೊಡುವುದಿಲ್ಲ. ಮತ್ತೊಂದು ಕ್ಯಾನ್ಸರ್ ಬಂದರೆ ಮಾತ್ರ ಕೊಡುತ್ತದೆ. ಸಣ್ಣ ಅಕ್ಷರಗಳಲ್ಲಿ ಬರೆದ ಷರತ್ತುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ವಕೀಲರಿಗೇ ಕಷ್ಟ. 70 ವರ್ಷದ ಅಜ್ಜಿಗೆ ಆಗುವ ಕೆಲಸವೇ ಅಲ್ಲ.

ಹಾಗಾಗಿ ಅಜ್ಜಿ ಏಜೆಂಟನ ಮಾತು ಕೇಳುತ್ತಿದ್ದಳು. ಏಜೆಂಟನಿಗೆ ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಕಮಿಷನ್, ಮುಂದಿನ ವರ್ಷಗಳಲ್ಲಿ ಸಣ್ಣದು. ಅವನಿಗೆ ಲಾಭ ಯಾವುದರಲ್ಲಿ? ಹಳೆಯ ಪಾಲಿಸಿ ಬಿಡಿಸಿ ಹೊಸದು ಮಾಡಿಸುವುದರಲ್ಲಿ. ಇಲ್ಲವೇ ಹಳೆಯದರ ಮೇಲೆ ಇನ್ನೊಂದು ಮಾರುವುದರಲ್ಲಿ. ಪಾಲಿಸಿ ಬದಲಿಸಿದಾಗೆಲ್ಲ ಹಳೆಯ ಕಾಯಿಲೆಗೆ ಕಾಯುವ ಅವಧಿ ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ನಷ್ಟ ಅಜ್ಜಿಗೆ, ಕಮಿಷನ್ ಏಜೆಂಟನಿಗೆ.

1978ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿ ಇದರ ವಿಚಾರಣೆ ನಡೆಸಿತು. ಹಿರಿಯರ ಸಮಸ್ಯೆಗಳಿಗೆಂದೇ ಇದ್ದ ಆ ಸಮಿತಿಯ ಅಧ್ಯಕ್ಷರು ಫ್ಲಾರಿಡಾದ ಕ್ಲಾಡ್ ಪೆಪರ್. ಅವರೂ ಆಗ ಎಪ್ಪತ್ತು ದಾಟಿದ್ದವರೇ. ಒಂದೇ ಸಂದಿಗೆ ನಾಲ್ಕಾರು ಪಾಲಿಸಿ ಕೊಂಡ ಹಿರಿಯರ ವಿಷಯ ಅಲ್ಲಿ ಹೊರಬಂತು. ನಾಲ್ಕು ಪಾಲಿಸಿ ಇದ್ದರೆ ನಾಲ್ಕು ಪಟ್ಟು ರಕ್ಷಣೆ ಅಂತ ಅವರು ನಂಬಿದ್ದರು. ಒಂದೇ ಮನೆಗೆ ನಾಲ್ಕು ಬೀಗ ಹಾಕಿ, ಹಿಂದಿನ ಬಾಗಿಲು ತೆರೆದು ಬಿಟ್ಟ ಹಾಗಿತ್ತು ಅದು.

1980: ಹಲ್ಲಿಲ್ಲದ ಕಾನೂನು

1980ರಲ್ಲಿ ಮೊಂಟಾನಾ ರಾಜ್ಯದ ಸೆನೆಟರ್ ಮ್ಯಾಕ್ಸ್ ಬಾಕಸ್ ಒಂದು ತಿದ್ದುಪಡಿ ತಂದರು. ಮೆಡಿಗ್ಯಾಪ್ ಪಾಲಿಸಿಯಲ್ಲಿ ಕನಿಷ್ಠ ಇಷ್ಟು ಇರಲೇಬೇಕು ಅಂತ ಅದರಲ್ಲಿ ಹೇಳಿತ್ತು. ಜನರಿಂದ ಬಂದ ಪ್ರತಿ 100 ಡಾಲರ್ ಕಂತಿನಲ್ಲಿ ಕನಿಷ್ಠ 60 ಡಾಲರ್ ಆದರೂ ಚಿಕಿತ್ಸೆಗೆ ವಾಪಸ್ ಹೋಗಬೇಕು ಅಂತಲೂ ಇತ್ತು. ಗುಂಪು ಪಾಲಿಸಿಯಾದರೆ 75 ಡಾಲರ್. ಗೊತ್ತಿದ್ದೂ ಒಂದರ ಮೇಲೊಂದು ಪಾಲಿಸಿ ಮಾರುವುದನ್ನು ಅಪರಾಧ ಅಂತ ಮಾಡಿದರು.

ಒಳ್ಳೆಯ ಕಾನೂನೇ. ಆದರೆ ಜಾರಿಯ ಕೆಲಸವನ್ನು ಹೆಚ್ಚಾಗಿ ರಾಜ್ಯಗಳಿಗೇ ಬಿಟ್ಟರು. ಮುಖ್ಯವಾಗಿ, ಪಾಲಿಸಿಗಳು ಬೇರೆ ಬೇರೆ ಆಗಿಯೇ ಉಳಿದವು. ಕನಿಷ್ಠ ಮಟ್ಟ ಏರಿತು, ಗೊಂದಲ ಇಳಿಯಲಿಲ್ಲ. ಹೋಲಿಸಲು ಆಗದ ವಸ್ತುವಿನ ಬೆಲೆ ಕೇಳಿ ಏನು ಪ್ರಯೋಜನ?

1988-89: ಸರ್ಕಾರ ಸಂದು ಮುಚ್ಚಲು ಹೋದಾಗ

ಸರ್ಕಾರವೇ ಈ ಸಂದನ್ನು ಮುಚ್ಚಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಒಮ್ಮೆ ಆ ಪ್ರಯತ್ನ ನಡೆಯಿತು.

1988ರ ಜುಲೈ 1ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಒಂದು ಹೊಸ ಕಾಯ್ದೆಗೆ ಸಹಿ ಹಾಕಿದರು. ರೋಗಿಯ ಕೈಯಿಂದ ಹೋಗುವ ಹಣಕ್ಕೆ ಮಿತಿ ಬಂತು. ಮುಂದೆ ಔಷಧಿಗೂ ಹಣ ಕೊಡುವ ಮಾತಿತ್ತು. ಆದರೆ ಖರ್ಚನ್ನು ಹಿರಿಯರೇ ಹೊರಬೇಕಿತ್ತು. ಎಲ್ಲರ ಕಂತೂ ಏರಿತು. ಆದಾಯ ಹೆಚ್ಚಿದ್ದವರು ಅದರ ಮೇಲೆ ವರ್ಷಕ್ಕೆ 800 ಡಾಲರ್ ತನಕ ಕಟ್ಟಬೇಕಾಯಿತು.

ಅವರಲ್ಲಿ ಅನೇಕರಿಗೆ ಹಿಂದೆ ಕೆಲಸ ಮಾಡಿದ ಕಂಪನಿಯಿಂದ ಸಂದು ಮುಚ್ಚುವ ವಿಮೆ ಮೊದಲೇ ಇತ್ತು. ಇದ್ದದ್ದಕ್ಕೇ ಮತ್ತೆ ಹಣ ಕಟ್ಟಬೇಕೇ ಅಂತ ಸಿಟ್ಟಿಗೆದ್ದರು. 1989ರ ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಪ್ರಭಾವಿ ಸಂಸದ ಡ್ಯಾನ್ ರೊಸ್ಟೆಂಕೌಸ್ಕಿ ಅವರ ಕಾರಿಗೆ ಹಿರಿಯರು ಅಡ್ಡ ನಿಂತರು. ಅವರು ಕಾರಿನಿಂದ ಇಳಿದು ನಡೆದು ತಪ್ಪಿಸಿಕೊಳ್ಳಬೇಕಾಯಿತು. ಆ ದೃಶ್ಯವನ್ನು ಟಿವಿಯಲ್ಲಿ ದೇಶವೆಲ್ಲ ನೋಡಿತು.

1989ರ ಕೊನೆಯ ಹೊತ್ತಿಗೆ ಕಾಯ್ದೆಯ ಬಹುಭಾಗವನ್ನು ಅದೇ ಸಂಸತ್ತು ಹಿಂತೆಗೆದುಕೊಂಡಿತು. ಒಂದೂವರೆ ವರ್ಷದಲ್ಲಿ ಬಂದು ಹೋದ ಕಾಯ್ದೆ ಅದು. ಸಂದು ಹಾಗೇ ಉಳಿಯಿತು. ಅಂದ ಮೇಲೆ ಅದನ್ನು ಮುಚ್ಚುವ ವ್ಯಾಪಾರವನ್ನಾದರೂ ನೇರ ಮಾಡಬೇಕು ಅನ್ನುವುದು ಎಲ್ಲರಿಗೂ ಮನವರಿಕೆಯಾಯಿತು.

1990: ಚೀಲದ ಮೇಲೆ ಅಕ್ಷರ

ಗೊಬ್ಬರದ ಅಂಗಡಿಯನ್ನು ನೆನಪಿಸಿಕೊಳ್ಳಿ. ಚೀಲದ ಮೇಲೆ 10:26:26 ಅಂತ ಇದ್ದರೆ ಕಂಪನಿ ಯಾವುದಾದರೂ ಒಳಗಿರುವ ಸಾರಜನಕ, ರಂಜಕ, ಪೊಟ್ಯಾಷ್ ಪ್ರಮಾಣ ಅಷ್ಟೇ ಇರಬೇಕು. ರೈತ ರಸಾಯನಶಾಸ್ತ್ರ ಓದಬೇಕಿಲ್ಲ. ಸಂಖ್ಯೆ ನೋಡಿ, ಬೆಲೆ ಕೇಳಿದರೆ ಸಾಕು. ಚೀಲದ ಮೇಲೆ ಆ ಸಂಖ್ಯೆಯೇ ಇಲ್ಲದೆ ಬರೀ ಬಣ್ಣದ ಹೆಸರುಗಳಿದ್ದರೆ ಏನಾಗುತ್ತಿತ್ತು ಯೋಚಿಸಿ. 1990ರ ತನಕ ಮೆಡಿಗ್ಯಾಪ್ ಹಾಗಿತ್ತು.

1990ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಇದಕ್ಕೆ ತೆರೆ ಎಳೆಯಿತು. ಇನ್ನು ಮುಂದೆ ಹತ್ತಕ್ಕಿಂತ ಹೆಚ್ಚು ಬಗೆಯ ಪಾಲಿಸಿ ಇರಕೂಡದು. ರಾಜ್ಯಗಳ ವಿಮಾ ಅಧಿಕಾರಿಗಳ ಸಂಘಟನೆ ಕೂತು ಆ ಹತ್ತನ್ನು ರೂಪಿಸಿತು. ‘ಎ’ಯಿಂದ ‘ಜೆ’ ತನಕ ಅಕ್ಷರ ಕೊಟ್ಟರು. 1992ರಿಂದ ಹೊಸ ಪಾಲಿಸಿಗಳು ಮಾರುಕಟ್ಟೆಗೆ ಬಂದವು.

‘ಎ’ ಎಲ್ಲಕ್ಕಿಂತ ಚಿಕ್ಕದು. ಡಾಕ್ಟರ ಬಿಲ್ಲಿನ ಶೇ. 20, ಆಸ್ಪತ್ರೆಯಲ್ಲಿ ಮೆಡಿಕೇರ್ ದಿನಗಳು ಮುಗಿದ ಮೇಲೆ ಇನ್ನೂ 365 ದಿನ, ಮೆಡಿಕೇರ್ ಕೊಡದ ಮೊದಲ ಮೂರು ಪೈಂಟ್ ರಕ್ತದ ಖರ್ಚು ಅದರಲ್ಲಿರುತ್ತವೆ. ಮೆಡಿಗ್ಯಾಪ್ ಮಾರುವ ಪ್ರತಿ ಕಂಪನಿಯೂ ‘ಎ’ಯನ್ನು ಮಾರಲೇಬೇಕು. ಉಳಿದ ಅಕ್ಷರಗಳಲ್ಲಿ ಇದರ ಮೇಲೆ ಒಂದೊಂದೇ ಸೌಲಭ್ಯ ಸೇರುತ್ತದೆ.

ಮ್ಯಾಸಚೂಸೆಟ್ಸ್, ಮಿನೆಸೊಟಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಮಾತ್ರ ಅಕ್ಷರಗಳಿಲ್ಲ. ಅವು ಇದಕ್ಕೂ ಮೊದಲೇ ತಮ್ಮದೇ ಮಾದರಿ ಮಾಡಿಕೊಂಡಿದ್ದವು.

ಅದೇ ಕಾನೂನು ಇನ್ನೂ ಕೆಲವು ಕೆಲಸ ಮಾಡಿತು. 100 ಡಾಲರ್ ಕಂತಿನಲ್ಲಿ ಚಿಕಿತ್ಸೆಗೆ ಹೋಗಬೇಕಾದ ಪಾಲನ್ನು 65ಕ್ಕೆ ಏರಿಸಿತು. ಕಂತು ಕಟ್ಟುತ್ತಿರುವ ತನಕ, ಕಾಯಿಲೆ ಬಂತು ಅಂತ ಪಾಲಿಸಿ ರದ್ದು ಮಾಡುವ ಹಾಗಿಲ್ಲ ಅಂದಿತು. ಏನನ್ನೂ ಮಾರದೆ ಬರೀ ಸಲಹೆ ಕೊಡುವ ಉಚಿತ ಕೇಂದ್ರಗಳಿಗೆ ಹಣ ಕೊಟ್ಟಿತು. ‘ಶಿಪ್’ ಅಂತ ಕರೆಯುವ ಆ ಕೇಂದ್ರಗಳು ಇಂದಿಗೂ ಪ್ರತಿ ರಾಜ್ಯದಲ್ಲೂ ಇವೆ. ಏಜೆಂಟನ ಮೊದಲ ವರ್ಷದ ಕಮಿಷನ್ ಎರಡನೇ ವರ್ಷದ್ದರ ಎರಡು ಪಟ್ಟು ಮೀರಬಾರದು ಅನ್ನುವ ನಿಯಮವೂ ಬಂತು. ಪಾಲಿಸಿ ಬಿಡಿಸಿ ಬಿಡಿಸಿ ಮಾರುವ ಆಸೆ ಅಲ್ಲಿಗೆ ತಗ್ಗಿತು.

ಆರು ತಿಂಗಳ ಬಾಗಿಲು

ಈ ಕಾನೂನಿನ ಅತಿ ಮುಖ್ಯ ಮಾತು ಅಕ್ಷರಗಳದ್ದಲ್ಲ, ಕಾಲದ್ದು.

65 ತುಂಬಿದವರಿಗೆ ‘ಬಿ’ ಭಾಗ ಶುರುವಾದ ತಿಂಗಳಿಂದ ಆರು ತಿಂಗಳು ಒಂದು ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಯಾವ ಕಂಪನಿಯೂ ಮೆಡಿಗ್ಯಾಪ್ ಕೊಡುವುದಿಲ್ಲ ಅನ್ನುವಂತಿಲ್ಲ. ಸಕ್ಕರೆ ಕಾಯಿಲೆ ಇರಲಿ, ಹೃದಯದ ತೊಂದರೆ ಇರಲಿ, ಅದಕ್ಕಾಗಿ ಹೆಚ್ಚು ಬೆಲೆ ಹಾಕುವಂತಿಲ್ಲ. ಹಳೆಯ ಕಾಯಿಲೆಗೆ ಹೆಚ್ಚೆಂದರೆ ಆರು ತಿಂಗಳು ಕಾಯಿಸಬಹುದು. ಮೊದಲೇ ಬೇರೆ ವಿಮೆ ಇದ್ದರೆ ಆ ಕಾಯುವಿಕೆಯೂ ಕಡಿಮೆಯಾಗುತ್ತದೆ.

ಆರು ತಿಂಗಳು ಕಳೆದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ಆರೋಗ್ಯದ ವಿವರ ಕೇಳಬಹುದು, ಬೆಲೆ ಏರಿಸಬಹುದು, ಆಗುವುದಿಲ್ಲ ಅಂತಲೂ ಹೇಳಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ಈ ನಾಲ್ಕು ರಾಜ್ಯಗಳಲ್ಲಿ ಮಾತ್ರ ನಿಯಮ ಹೆಚ್ಚು ಉದಾರವಾಗಿದೆ.

ಮೆಡಿಗ್ಯಾಪ್ ಬದಲಿಗೆ ‘ಮೆಡಿಕೇರ್ ಅಡ್ವಾಂಟೇಜ್’ ಅನ್ನುವ ಇನ್ನೊಂದು ದಾರಿಯೂ ಇದೆ. ಅದರಲ್ಲಿ ಮೆಡಿಕೇರನ್ನೇ ಖಾಸಗಿ ಕಂಪನಿ ನಡೆಸುತ್ತದೆ. ಕಂತು ಕಡಿಮೆ, ಕೆಲವು ಕಡೆ ಹೆಚ್ಚುವರಿ ಕಂತೇ ಇಲ್ಲ. ಹಲ್ಲು, ಕಣ್ಣಿನ ಸೌಲಭ್ಯವನ್ನೂ ಸೇರಿಸುತ್ತಾರೆ. ಕೈಯಿಂದ ಹೋಗುವ ಹಣಕ್ಕೆ ವಾರ್ಷಿಕ ಮಿತಿ ಇರುತ್ತದೆ. ಮೆಡಿಕೇರ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಆ ದಾರಿಯಲ್ಲಿದ್ದಾರೆ. ಆದರೆ ಸಾಮಾನ್ಯವಾಗಿ ಕಂಪನಿಯ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು, ಕೆಲವು ಚಿಕಿತ್ಸೆಗೆ ಮೊದಲೇ ಅನುಮತಿ ಬೇಕು. ಅಡ್ವಾಂಟೇಜ್ ಜೊತೆ ಮೆಡಿಗ್ಯಾಪ್ ಬಳಸಲು ಬರುವುದಿಲ್ಲ. 65ಕ್ಕೆ ಮೊದಲ ಬಾರಿ ಅಡ್ವಾಂಟೇಜ್ ಸೇರಿದವರು 12 ತಿಂಗಳೊಳಗೆ ಮನಸ್ಸು ಬದಲಿಸಿದರೆ ಮೆಡಿಗ್ಯಾಪ್ ಹಕ್ಕಿನಿಂದ ಸಿಗುತ್ತದೆ. ಐದಾರು ವರ್ಷ ಬಿಟ್ಟು, ದೊಡ್ಡ ಕಾಯಿಲೆ ಬಂದ ಮೇಲೆ ಹಿಂತಿರುಗಲು ಹೋದರೆ ಬಾಗಿಲು ಮುಚ್ಚಿರಬಹುದು.

ಈಗ ಆರಿಸುವುದು ಹೇಗೆ?

ಅಕ್ಷರಗಳೂ ಕಾಲಕ್ಕೆ ತಕ್ಕಂತೆ ಬದಲಾದವು. 2006ರಲ್ಲಿ ಮೆಡಿಕೇರ್‌ಗೆ ಔಷಧಿಯ ‘ಡಿ’ ಭಾಗ ಬಂದ ಮೇಲೆ ಮೆಡಿಗ್ಯಾಪ್‌ನಲ್ಲಿ ಹೊಸದಾಗಿ ಔಷಧಿ ಸೌಲಭ್ಯ ಮಾರುವುದು ನಿಂತಿತು. 2010ರ ಜೂನ್‌ನಲ್ಲಿ ಇ, ಎಚ್, ಐ, ಜೆ ಹೋಗಿ, ಎಂ ಮತ್ತು ಎನ್ ಬಂದವು. 2020ರ ಜನವರಿ 1ರಿಂದ ಮೆಡಿಕೇರ್‌ಗೆ ಹೊಸದಾಗಿ ಅರ್ಹರಾದವರಿಗೆ ಸಿ ಮತ್ತು ಎಫ್ ಮಾರುವಂತಿಲ್ಲ.

ಹೊಸಬರ ಮುಂದೆ ಈಗ ದೊಡ್ಡ ಪಾಲಿಸಿ ಅಂದರೆ ‘ಜಿ’. ‘ಬಿ’ ಭಾಗದ ವಾರ್ಷಿಕ ಮೊದಲ ಮೊತ್ತವನ್ನು ಬಿಟ್ಟು ಮುಖ್ಯ ಸಂದುಗಳನ್ನೆಲ್ಲ ಅದು ಮುಚ್ಚುತ್ತದೆ. 2025ರಲ್ಲಿ ಆ ಮೊತ್ತ 257 ಡಾಲರ್ ಇತ್ತು. 1966ರಲ್ಲಿ 40 ಡಾಲರ್ ಇದ್ದ ಆಸ್ಪತ್ರೆಯ ಮೊದಲ ಕಂತು 2025ರಲ್ಲಿ 1,676 ಡಾಲರ್. ‘ಜಿ’ ಅದನ್ನು ಪೂರ್ತಿ ಕೊಡುತ್ತದೆ. ‘ಎನ್’ ಪಾಲಿಸಿಯ ಕಂತು ಸಾಮಾನ್ಯವಾಗಿ ಇನ್ನೂ ಕಡಿಮೆ. ಅದರಲ್ಲಿ ಡಾಕ್ಟರ ಬಳಿ ಹೋದಾಗ 20 ಡಾಲರ್ ತನಕ, ತುರ್ತು ಚಿಕಿತ್ಸೆಗೆ ಹೋಗಿ ಅಡ್ಮಿಟ್ ಆಗದಿದ್ದರೆ 50 ಡಾಲರ್ ತನಕ ಕೈಯಿಂದ ಕೊಡಬೇಕು.

ಅಕ್ಷರ ಆರಿಸಿದ ಮೇಲೆ ಬೆಲೆ ನೋಡಬೇಕು. ಒಂದೇ ಊರಿನಲ್ಲಿ ಒಂದೇ ‘ಜಿ’ಗೆ ಬೇರೆ ಬೇರೆ ಕಂಪನಿ ಬೇರೆ ಬೇರೆ ಬೆಲೆ ಹೇಳುತ್ತದೆ. ಒಳಗಿನ ಸರಕು ಒಂದೇ ಆದ್ದರಿಂದ ದುಬಾರಿಯದ್ದು ಹೆಚ್ಚು ಚಿಕಿತ್ಸೆ ಕೊಡುವುದಿಲ್ಲ. ಆದರೆ ಮೊದಲ ವರ್ಷದ ಬೆಲೆಯನ್ನಷ್ಟೇ ನೋಡಿದರೆ ಸಾಲದು. ಕೆಲವು ಕಂಪನಿಗಳು ಎಲ್ಲ ವಯಸ್ಸಿಗೂ ಒಂದೇ ಬೆಲೆ ಇಡುತ್ತವೆ. ಕೆಲವು ಕೊಂಡಾಗಿನ ವಯಸ್ಸಿನ ಮೇಲೆ ಬೆಲೆ ಕಟ್ಟುತ್ತವೆ. ಇನ್ನು ಕೆಲವು ವಯಸ್ಸು ಏರಿದಂತೆಲ್ಲ ಬೆಲೆ ಏರಿಸುತ್ತವೆ. ಮೂರನೆಯ ಬಗೆಯದು 65ರಲ್ಲಿ ಅಗ್ಗ ಕಂಡು, 80ರಲ್ಲಿ ಭಾರವಾಗಬಹುದು.

ಅಲ್ಲಿರುವ ನಮ್ಮವರಿಗೆ

ಮೊಮ್ಮಕ್ಕಳನ್ನು ನೋಡಲು ವಿಸಿಟರ್ ವೀಸಾದಲ್ಲಿ ಹೋಗುವ ಅಜ್ಜ-ಅಜ್ಜಿಯರಿಗೆ ಮೆಡಿಕೇರ್ ಇಲ್ಲ. ಮೆಡಿಗ್ಯಾಪ್ ಕೂಡ ಇಲ್ಲ. ಅವರು ಪ್ರವಾಸಿಗರ ವಿಮೆಯನ್ನೇ ಮಾಡಿಸಿಕೊಂಡು ಹೋಗಬೇಕು.

ಗ್ರೀನ್ ಕಾರ್ಡ್ ಪಡೆದು ಅಲ್ಲೇ ಐದು ವರ್ಷ ನಿರಂತರವಾಗಿ ನೆಲೆಸಿದ 65 ದಾಟಿದವರು ಮೆಡಿಕೇರ್ ಕೊಳ್ಳಬಹುದು. ತಾವಾಗಲಿ, ಗಂಡ ಅಥವಾ ಹೆಂಡತಿಯಾಗಲಿ ಅಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದ್ದರೆ ‘ಎ’ ಭಾಗ ಉಚಿತ. ಮಗ ದುಡಿದದ್ದು ಅಪ್ಪನ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಹೊಲ ಗೇಯ್ದು ಹೋದವರಿಗೆ 2025ರಲ್ಲಿ ‘ಎ’ ಭಾಗಕ್ಕೆ ತಿಂಗಳಿಗೆ 518 ಡಾಲರ್, ‘ಬಿ’ ಭಾಗಕ್ಕೆ 185 ಡಾಲರ್ ಇತ್ತು. ಅಂಥವರಿಗೆ 70ರಲ್ಲಿ ‘ಬಿ’ ಭಾಗ ಶುರುವಾದರೆ ಆರು ತಿಂಗಳ ಬಾಗಿಲು ತೆರೆಯುವುದೂ ಆಗಲೇ.

ಇನ್ನೊಂದು ವಿಷಯ. ಅಲ್ಲಿ ನೆಲೆಸಿದ ಹಿರಿಯರು ಜಾತ್ರೆಗೋ ಮದುವೆಗೋ ಊರಿಗೆ ಬಂದಾಗ ಇಲ್ಲಿನ ಆಸ್ಪತ್ರೆ ಬಿಲ್ಲನ್ನು ಮೆಡಿಕೇರ್ ಕೊಡುವುದಿಲ್ಲ. ಸಿ, ಡಿ, ಎಫ್, ಜಿ, ಎಂ, ಎನ್ ಮೆಡಿಗ್ಯಾಪ್ ಇದ್ದರೆ ತುರ್ತು ಚಿಕಿತ್ಸೆಗೆ ಒಂದಿಷ್ಟು ಸಿಗುತ್ತದೆ. ಪ್ರವಾಸದ ಮೊದಲ 60 ದಿನಗಳಲ್ಲಿ ಶುರುವಾದ ತೊಂದರೆಗೆ, ವರ್ಷಕ್ಕೆ ಮೊದಲ 250 ಡಾಲರ್ ಕಳೆದು, ಉಳಿದದ್ದರಲ್ಲಿ ಶೇ. 80. ಜೀವಮಾನದಲ್ಲಿ ಒಟ್ಟು 50,000 ಡಾಲರ್ ಮಿತಿ. ಊರಿಗೆ ಹೊರಡುವ ಮೊದಲು ಈ ಕಾರ್ಡ್ ಚೀಲದಲ್ಲಿದೆಯೇ ನೋಡಿಕೊಳ್ಳಲಿ. ಇಲ್ಲಿನ ಆಸ್ಪತ್ರೆಯ ಬಿಲ್ಲು, ರಿಪೋರ್ಟ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲಿ.

ಇಲ್ಲೂ ಒಂದು ಅಂಥ ಚೀಲ ಇದೆ

ಎಲ್ಲ ಕಂಪನಿಗೂ ಒಂದೇ ಪಾಲಿಸಿ ಅನ್ನುವ ಯೋಚನೆ ನಮ್ಮ ದೇಶಕ್ಕೂ ಬಂದಿದೆ. 2020ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಆರೋಗ್ಯ ವಿಮೆ ಮಾರುವ ಕಂಪನಿಗಳು ‘ಆರೋಗ್ಯ ಸಂಜೀವಿನಿ’ ಎಂಬ ಪಾಲಿಸಿ ಕೊಡಬೇಕಾಯಿತು. ರಾಜ್ಯ ಸರ್ಕಾರಿ ನೌಕರರಿಗೆ ಇದೇ ಹೆಸರಿನ ಬೇರೆ ಯೋಜನೆ ಇದೆ, ಅದು ಇದಲ್ಲ. ಈ ಪಾಲಿಸಿಯ ಹೆಸರು ಒಂದೇ, ಮುಖ್ಯ ಷರತ್ತುಗಳು ಒಂದೇ. ಪ್ರತಿ ಕ್ಲೇಮ್‌ನಲ್ಲಿ ಶೇ. 5 ನಾವು ಕೊಡಬೇಕು ಅನ್ನುವುದೂ ಒಂದೇ. ಕಂತು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ.

ಎಲ್ಲರಿಗೂ ಇದೇ ಸೂಕ್ತ ಅಂತ ನಾವು ಹೇಳುತ್ತಿಲ್ಲ. ಅಳತೆಗೋಲಾಗಿ ಅದು ಉಪಯೋಗಕ್ಕೆ ಬರುತ್ತದೆ. ಏಜೆಂಟ್ ಬೇರೆ ಹೆಸರಿನ ಪಾಲಿಸಿ ತಂದಾಗ, ಆರೋಗ್ಯ ಸಂಜೀವಿನಿಯಲ್ಲಿ ಇಲ್ಲದ್ದು ಇದರಲ್ಲಿ ಏನಿದೆ, ಅದಕ್ಕೆ ವರ್ಷಕ್ಕೆ ಎಷ್ಟು ಹೆಚ್ಚು ಅಂತ ಕೇಳಿ. ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಪಾಲಿಸಿ ಕೈಗೆ ಬಂದ ಮೇಲೂ ಓದಿ ನೋಡಿ, ಬೇಡವಾದರೆ ಹಿಂತಿರುಗಿಸಲು ಈಗ 30 ದಿನಗಳ ಅವಕಾಶವಿದೆ. ಓದಲು ಕಷ್ಟವಾದರೆ ಮನೆಯಲ್ಲಿ ಓದಿದ ಹುಡುಗ ಹುಡುಗಿಯರ ಕೈಗೆ ಕೊಡಿ. 30 ದಿನ ಮುಗಿಯುವ ಮೊದಲು.